ಮಂತ್ರಿಯ ಖಾಸಗಿ ದಿನಚರಿಯೂ ರಾಜತಾಂತ್ರಿಕ ಇತಿಹಾಸವೂ: ಚಾನೊ ಬರಹಗಳನ್ನು ಕುರಿತು



ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಈಚೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದರು. ಸುಭಾಷಚಂದ್ರ ಬೋಸರನ್ನು ಕುರಿತ ಪುಸ್ತಕವೊಂದನ್ನು ಓದುತ್ತಿದ್ದಾಗ ಇಟಲಿಯ ವಿದೇಶಾಂಗ ಮಂತ್ರಿಯೊಬ್ಬನ ದಿನಚರಿಯ ಉಲ್ಲೇಖ ಅವರ ಕಣ್ಣಿಗೆ ಬಿದ್ದಿದೆ. ಅದರಲ್ಲಿ ಬೋಸರ ವಿಷಯವಾಗಿ ಹಗುರವಾದ ಮಾತಿದೆ. "ಸರ್, ಒಬ್ಬ ಮಂತ್ರಿ ತನ್ನಷ್ಟಕ್ಕೆ ತಾನು ಬರೆದುಕೊಂಡದ್ದು ಇತಿಹಾಸಕ್ಕೆ ಆಧಾರವಾಗುತ್ತದೆಯೇ? ಅದನ್ನು ನಂಬಬೇಕೇ, ಬಿಡಬೇಕೇ?" ಎಂಬುದು ಅವರ ಪ್ರಶ್ನೆ. ಎರಡು ಸಾಲಿನ ಉತ್ತರ ಬರೆಯಲು ಕುಳಿತವನು ಇಷ್ಟು ದೂರ ಬಂದಿದ್ದೇನೆ. ಬೋಸರ ಪ್ರಸಂಗಕ್ಕೆ ಬರುವ ಮೊದಲು ಆ ದಿನಚರಿಯ ಒಡೆಯನನ್ನೂ ಅದನ್ನು ಓದಬೇಕಾದ ಕ್ರಮವನ್ನೂ ಪರಿಚಯಿಸುವುದು ಅಗತ್ಯ.

ಆತನ ಹೆಸರು ಗಲಿಯಾಟ್ಸೊ ಚಾನೊ. ನಮ್ಮಲ್ಲಿ ಕೆಲವರು ಅಕ್ಷರವನ್ನು ನೋಡಿ 'ಸಿಯಾನೊ' ಎಂದು ಬರೆಯುವುದುಂಟು. ಇಟಲಿಯವರ ಉಚ್ಚಾರಣೆ ಚಾನೊ. 1903ರಲ್ಲಿ ಲಿವೋರ್ನೊ ನಗರದಲ್ಲಿ ಹುಟ್ಟಿದವನು. ತಂದೆ ನೌಕಾಪಡೆಯಲ್ಲಿ ಹೆಸರು ಮಾಡಿದವನು, ಮುಸೊಲಿನಿಯ ಹಳೆಯ ಅನುಯಾಯಿ. ಮಗನು 1930ರಲ್ಲಿ ಮುಸೊಲಿನಿಯ ಹಿರಿಯ ಮಗಳು ಎಡ್ಡಾಳನ್ನು ಮದುವೆಯಾದನು. 1936ರ ಜೂನ್ ತಿಂಗಳಲ್ಲಿ, ಮೂವತ್ತಮೂರರ ವಯಸ್ಸಿಗೇ, ಇಟಲಿಯ ವಿದೇಶಾಂಗ ಮಂತ್ರಿಯಾದನು. 1943ರ ಫೆಬ್ರವರಿಯವರೆಗೂ ಆ ಸ್ಥಾನದಲ್ಲಿದ್ದನು. ಮಾವ ಸರ್ವಾಧಿಕಾರಿ, ಅಳಿಯ ಮಂತ್ರಿ. ಹೀಗಾಗಿ ಕಚೇರಿಯ ಕಡತಕ್ಕೆ ಬಾರದ ಮಾತುಗಳೂ ಅವನ ಕಿವಿಗೆ ಬೀಳುತ್ತಿದ್ದವು. 1937ರ ಆಗಸ್ಟ್‌ನಿಂದ ಅಧಿಕಾರ ಕಳೆದುಕೊಳ್ಳುವವರೆಗೆ ಆತನು ಹೆಚ್ಚುಕಡಿಮೆ ಪ್ರತಿದಿನವೂ ದಿನಚರಿ ಬರೆದನು. ಎರಡನೆಯ ಮಹಾಯುದ್ಧದ ರಾಜತಾಂತ್ರಿಕ ಇತಿಹಾಸವನ್ನು ಬರೆದ ಯಾರೂ ಇದನ್ನು ಬಳಸದೆ ಬಿಟ್ಟಿಲ್ಲ.

ವಿದೇಶಾಂಗ ಇಲಾಖೆಗಳ ಅಧಿಕೃತ ದಾಖಲೆಗಳಿಗೆ ಬರವಿಲ್ಲ. 1945ರಲ್ಲಿ ಸೋತ ಜರ್ಮನಿಯ ಕಡತಗಳು ರಾಶಿರಾಶಿಯಾಗಿ ಮಿತ್ರರಾಷ್ಟ್ರಗಳ ಕೈಸೇರಿ ಮುದ್ರಣಗೊಂಡವು. ಇಟಲಿಯೂ 1950ರ ದಶಕದಿಂದ ತನ್ನ ದಾಖಲೆಗಳನ್ನು ಸಂಪುಟಗಳಾಗಿ ಹೊರತಂದಿತು. ಹಾಗಿದ್ದರೂ ದಿನಚರಿ ಏಕೆ ಬೇಕು? ತಂತಿ, ಟಿಪ್ಪಣಿ, ಒಪ್ಪಂದಗಳಲ್ಲಿ ರಾಷ್ಟ್ರವು ಏನು ಮಾಡಿತೆಂಬುದು ಇರುತ್ತದೆ. ಅದನ್ನು ಮಾಡಿಸಿದ ಸಿಟ್ಟು, ಹೊಟ್ಟೆಕಿಚ್ಚು, ಅಳುಕು ಇರುವುದಿಲ್ಲ. 1940ರ ಅಕ್ಟೋಬರ್ 28ರಂದು ಇಟಲಿ ಗ್ರೀಸಿನ ಮೇಲೆ ಯುದ್ಧ ಹೂಡಿತು. ಸೈನಿಕ ದೃಷ್ಟಿಯಿಂದ ಅದು ಶುದ್ಧ ಅವಿವೇಕ: ಚಳಿಗಾಲದ ಹೊಸ್ತಿಲಲ್ಲಿ, ಬೆಟ್ಟದ ನಾಡಿನಲ್ಲಿ, ಸಾಲದ ಸೈನ್ಯದೊಡನೆ. ಹಾಗಾದರೆ ಏಕೆ? ಅದೇ ತಿಂಗಳ 12ರ ದಿನಚರಿ ಇದಕ್ಕೆ ಉತ್ತರ ಕೊಡುತ್ತದೆ. ಹಿಟ್ಲರನು ತನಗೆ ತಿಳಿಸದೆ ರುಮೇನಿಯಾಕ್ಕೆ ಸೈನ್ಯ ನುಗ್ಗಿಸಿದ್ದನ್ನು ಕೇಳಿ ಮುಸೊಲಿನಿ ಕೆರಳಿದ್ದಾನೆ. ಈ ಮನುಷ್ಯ ಪ್ರತಿಸಲವೂ ಕೆಲಸ ಮುಗಿಸಿದ ಮೇಲೆ ನನಗೆ ಹೇಳುತ್ತಾನೆ, ಈ ಸಲ ನಾನು ಗ್ರೀಸನ್ನು ಹಿಡಿದುಕೊಂಡ ಸುದ್ದಿಯನ್ನು ಅವನು ಪತ್ರಿಕೆ ನೋಡಿ ತಿಳಿದುಕೊಳ್ಳಲಿ, ಎಂಬ ಅರ್ಥದಲ್ಲಿ ಅಳಿಯನೆದುರು ಹೇಳಿದ್ದಾನೆ. ಒಂದು ದೇಶದ ಮೇಲೆ ದಂಡೆತ್ತಿ ಹೋಗುವುದಕ್ಕೆ ಇನ್ನೊಬ್ಬ ಗೆಳೆಯನ ಮೇಲಿನ ಮುನಿಸು ಕಾರಣ! ಇಂಥದ್ದನ್ನು ಯಾವ ಇಲಾಖೆಯೂ ಕಡತದಲ್ಲಿ ದಾಖಲಿಸುವುದಿಲ್ಲ.

ನಮ್ಮ ದೇಶಕ್ಕೆ ಸಂಬಂಧಿಸಿದ ಇನ್ನೊಂದು ಉದಾಹರಣೆಯೂ ಇದೆ. 1942ರಲ್ಲಿ ಚರ್ಚಿಲ್ ಭಾರತೀಯರನ್ನೂ ಅವರ ಧರ್ಮವನ್ನೂ ಹೀನಾಯವಾಗಿ ಹಳಿದ ಮಾತು ಪ್ರಸಿದ್ಧವಾಗಿದೆಯಷ್ಟೆ. ಅದು ಉಳಿದು ಬಂದದ್ದು ಸಂಪುಟದ ನಡವಳಿಯಲ್ಲಲ್ಲ, ಅವರದೇ ಸಂಪುಟದಲ್ಲಿ ಭಾರತ ಮಂತ್ರಿಯಾಗಿದ್ದ ಲಿಯೋ ಆಮೆರಿಯ ಖಾಸಗಿ ದಿನಚರಿಯಲ್ಲಿ.

ಇಷ್ಟು ಹೇಳಿದ ಮಾತ್ರಕ್ಕೆ ದಿನಚರಿಯೆಲ್ಲ ವೇದವಾಕ್ಯವೆಂದಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿಲ್ಲವೇ? ಚಾನೊ ದಿನಚರಿಯನ್ನು ಪ್ರಮಾಣಿಸಿ ನೋಡಲು ಅತ್ಯಂತ ತಕ್ಕ ಸ್ಥಳವೆಂದರೆ 1939ರ ಆಗಸ್ಟ್.

ಆ ಆಗಸ್ಟ್ 11ರಂದು ಚಾನೊ ಆಸ್ಟ್ರಿಯಾದ ಸಾಲ್ಸ್‌ಬರ್ಗ್‌ಗೆ ಹೋದನು. ಸಮೀಪದ ಫುಶ್ಲ್ ಎಂಬಲ್ಲಿ ಜರ್ಮನ್ ವಿದೇಶಾಂಗ ಮಂತ್ರಿ ರಿಬ್ಬೆನ್‌ಟ್ರಾಪ್‌ನ ನಿವಾಸವಿತ್ತು. ಪೋಲೆಂಡಿನ ಪ್ರಶ್ನೆಯನ್ನು ಮಾತುಕತೆಯಿಂದ ಬಗೆಹರಿಸಿ ಯುದ್ಧವನ್ನು ಮುಂದೂಡಿಸುವುದು ಚಾನೊನ ಉದ್ದೇಶ. ಅದಕ್ಕೆ ಕಾರಣವಿತ್ತು. ಮೂರು ತಿಂಗಳ ಹಿಂದೆ, ಮೇ 22ರಂದು, ಇಟಲಿ ಮತ್ತು ಜರ್ಮನಿಗಳು 'ಉಕ್ಕಿನ ಒಪ್ಪಂದ'ಕ್ಕೆ ಸಹಿ ಹಾಕಿದ್ದವು. ಕೆಲವು ವರ್ಷಗಳವರೆಗೆ ಯುದ್ಧವಿರುವುದಿಲ್ಲವೆಂಬ ಬಾಯಿಮಾತಿನ ಭರವಸೆಯನ್ನು ನಂಬಿ ಇಟಲಿ ಸಹಿ ಮಾಡಿತ್ತು. ಒಪ್ಪಂದದ ಅಕ್ಷರದಲ್ಲಿ ಮಾತ್ರ ಆ ಭರವಸೆ ಇರಲಿಲ್ಲ. (ಇಂಥ ಒಪ್ಪಂದದ ಕರಡನ್ನು ಬರೆಯಲು ಎದುರು ಪಕ್ಷಕ್ಕೇ ಬಿಟ್ಟುಕೊಟ್ಟ ಮಂತ್ರಿಯೂ ಈ ಚಾನೊನೇ ಎಂಬುದನ್ನು ಮರೆಯಬಾರದು.)

ಈ ಭೇಟಿಯ ವಿಷಯವಾಗಿ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಸಂಭಾಷಣೆ ಇದೆ. ಇಬ್ಬರೂ ತೋಟದಲ್ಲಿ ಅಡ್ಡಾಡುತ್ತಿದ್ದಾಗ, ನಿಮಗೆ ಬೇಕಾದದ್ದು ಡಾನ್ಸಿಗ್ ನಗರವೇ, ಅಥವಾ ಪೋಲೆಂಡಿನ ಭೂಪಟ್ಟಿಯೇ ಎಂದು ಚಾನೊ ಕೇಳಿದನಂತೆ. ಅವೆರಡೂ ಈಗ ಸಾಲದು, ನಮಗೆ ಬೇಕಾದದ್ದು ಯುದ್ಧವೇ ಎಂದು ರಿಬ್ಬೆನ್‌ಟ್ರಾಪ್ ತಣ್ಣಗಿನ ನೋಟದಿಂದ ಉತ್ತರಿಸಿದನಂತೆ. ನಾಟಕಕ್ಕೆ ಹೇಳಿ ಮಾಡಿಸಿದ ದೃಶ್ಯ. ಪಾಠ ಮಾಡುವವರಿಗಂತೂ ಕೇಳುವುದೇ ಬೇಡ, ತರಗತಿ ಸ್ತಬ್ಧವಾಗಿಬಿಡುತ್ತದೆ. ಆದರೆ ದಿನಚರಿಯನ್ನು ತೆರೆದು 1939ರ ಆಗಸ್ಟ್ 11ರ ಪುಟವನ್ನು ನೋಡಿದರೆ ಆ ಸಂಭಾಷಣೆ ಅಲ್ಲಿಲ್ಲ! ಅಲ್ಲಿರುವುದು ಬೇರೆ: ಹೋರಾಡಲೇಬೇಕೆಂಬ ಜರ್ಮನಿಯ ನಿರ್ಧಾರ ಕದಲುವಂಥದ್ದಲ್ಲ, ಯುದ್ಧವಿಲ್ಲದೆ ಜರ್ಮನಿಗೆ ತೃಪ್ತಿಯಾಗುವ ಯಾವ ಪರಿಹಾರವನ್ನೂ ರಿಬ್ಬೆನ್‌ಟ್ರಾಪ್ ಒಪ್ಪುತ್ತಿಲ್ಲ ಎಂಬ ಸಾರಾಂಶ.

ಹಾಗಾದರೆ ಆ ಪ್ರಸಿದ್ಧ ಸಂಭಾಷಣೆ ಎಲ್ಲಿಯದು? ಅದು ದಿನಚರಿಯ ಕಟ್ಟಕಡೆಯ ಬರಹದಲ್ಲಿದೆ. ಬರೆದ ದಿನ 1943ರ ಡಿಸೆಂಬರ್ 23. ಬರೆದ ಸ್ಥಳ ವೆರೋನಾ ಸೆರೆಮನೆಯ 27ನೆಯ ಕೋಣೆ. ನಡುವೆ ನಾಲ್ಕು ವರ್ಷ ನಾಲ್ಕು ತಿಂಗಳು ಕಳೆದಿವೆ. ಆ ನಾಲ್ಕು ವರ್ಷಗಳಲ್ಲಿ ಏನೇನು ಆಯಿತು ನೋಡಿ. 1943ರ ಜುಲೈ 24ರ ರಾತ್ರಿ ಫ್ಯಾಸಿಸ್ಟ್ ಮಹಾಮಂಡಲಿಯ ಸಭೆ ಸೇರಿತು. ಮರುದಿನ ಬೆಳಗಿನ ಜಾವ ಮುಸೊಲಿನಿಯ ವಿರುದ್ಧದ ನಿರ್ಣಯ 19 ಮತಗಳಿಂದ ಅಂಗೀಕಾರವಾಯಿತು. ಆ ಹತ್ತೊಂಬತ್ತರಲ್ಲಿ ಅಳಿಯನದೂ ಒಂದು. ಅನಂತರ ಆತನು ಸ್ಪೇನಿಗೆ ಪಾರಾಗುವ ಆಸೆಯಿಂದ ಜರ್ಮನರ ವಿಮಾನ ಹತ್ತಿ ಜರ್ಮನಿಯಲ್ಲೇ ಸಿಕ್ಕಿಬಿದ್ದನು. ಅವರು ಅವನನ್ನು ಉತ್ತರ ಇಟಲಿಯಲ್ಲಿ ಮುಸೊಲಿನಿಗಾಗಿ ತಾವೇ ಸ್ಥಾಪಿಸಿದ್ದ ಸರ್ಕಾರಕ್ಕೆ ಒಪ್ಪಿಸಿದರು. 1944ರ ಜನವರಿ 11ರಂದು ಕುರ್ಚಿಗೆ ಕಟ್ಟಿ, ಬೆನ್ನಿಗೆ ಗುಂಡಿಟ್ಟು ಕೊಂದರು. ಕಡೆಯ ಬರಹ ಬರೆದಾಗ ಆತನಿಗೆ ಉಳಿದಿದ್ದ ಆಯುಷ್ಯ ಮೂರು ವಾರವೂ ಅಲ್ಲ. ಅದು ಅವನಿಗೂ ಗೊತ್ತಿತ್ತು.

ಆ ಸಂಭಾಷಣೆ ಸುಳ್ಳೆಂದು ನಾನು ಹೇಳುತ್ತಿಲ್ಲ. ನಡೆದೇ ಇರಬಹುದು, ಅಂದಿನ ಪುಟದ ಸಾರಾಂಶಕ್ಕೆ ಅದು ವಿರುದ್ಧವೂ ಅಲ್ಲ. ಆದರೆ ಎರಡರ ತೂಕ ಒಂದೇ ಅಲ್ಲ. ನಮ್ಮ ಹಳೆಯ ಕಾಲದ ಅಂಗಡಿಗಳ ಲೆಕ್ಕ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಅಂದಂದಿನ ವ್ಯವಹಾರವನ್ನು ಅಂದಂದೇ ಬರೆದ ಕಿರ್ದಿಗೆ ಒಂದು ಬೆಲೆ. ಜಗಳ ಕಟ್ಟೆಗೆ ಬಂದ ಮೇಲೆ ನೆನಪಿನಿಂದ ಬರೆದುಕೊಂಡು ಬಂದ ಚೀಟಿಗೆ ಇನ್ನೊಂದು ಬೆಲೆ. ಚಾನೊನ ಕಡೆಯ ಬರಹ ಈ ಎರಡನೆಯ ಜಾತಿಯದು. ಅದು ಇತಿಹಾಸದ ನ್ಯಾಯಾಲಯಕ್ಕೆ ಬರೆದುಕೊಟ್ಟ ಹೇಳಿಕೆ. ಯುದ್ಧದ ಪಾಪವೆಲ್ಲ ಜರ್ಮನರದು ಮತ್ತು ಮಾವನದು, ತನ್ನದಲ್ಲ ಎಂಬುದೇ ಅದರ ತಿರುಳು. ಇತಿಹಾಸಕಾರನು ಘಟನೆಯ ತಾರೀಖಿನ ಜೊತೆಗೆ ಬರಹದ ತಾರೀಖನ್ನೂ ನೋಡಬೇಕು. ನಮ್ಮ ಎಷ್ಟೋ ಪುಸ್ತಕಗಳಲ್ಲಿ ಆ ಸಂಭಾಷಣೆಯನ್ನು ನೇರವಾಗಿ 1939ರ ಕೆಳಗೆ ಅಂಟಿಸಿ, ಎಲ್ಲಿಂದ ಬಂತೆಂದು ಹೇಳದೆ ಬಿಟ್ಟಿರುವುದು ನನಗೆ ಸರಿಕಾಣುವುದಿಲ್ಲ.

ಅಂದಂದೇ ಬರೆದ ಪುಟಗಳಲ್ಲಿಯೂ ಇನ್ನೊಂದು ತೊಡಕಿದೆ. ಆಗಸ್ಟ್ 12 ಮತ್ತು 13ರಂದು ಚಾನೊ ಹಿಟ್ಲರನನ್ನೇ ಭೇಟಿಯಾದನು. 13ರಂದು ಊರಿಗೆ ಮರಳಿದ ಮೇಲಿನ ಬರಹದಲ್ಲಿ ಜರ್ಮನಿಯ ಬಗ್ಗೆ, ಅದರ ನಾಯಕನ ಬಗ್ಗೆ, ಅವರು ತಮಗೆ ಬಗೆದ ದ್ರೋಹದ ಬಗ್ಗೆ ಜುಗುಪ್ಸೆ ಕುದಿಯುತ್ತದೆ. ಓದಿದವರಿಗೆ, ಈತ ಹಿಟ್ಲರನ ಮುಖಕ್ಕೆ ಮುಖ ಕೊಟ್ಟು ವಾದಿಸಿ ಬಂದಿರಬೇಕು ಎನ್ನಿಸುತ್ತದೆ. ಆದರೆ ಜರ್ಮನರು ಬರೆದಿಟ್ಟ ನಡವಳಿ ಬೇರೆಯೇ ಹೇಳುತ್ತದೆ. ಮೊದಲ ದಿನ ಚಾನೊ ಗಟ್ಟಿಯಾಗಿಯೇ ಆಕ್ಷೇಪಿಸಿದನು; ಎರಡನೆಯ ದಿನ ಹಿಟ್ಲರನ ಊಹೆಗಳು ಹಿಂದೆಯೂ ಸರಿಯಾಗಿದ್ದವೆಂದು ಒಪ್ಪಿಕೊಂಡು ತಣ್ಣಗಾದನು. ಜುಗುಪ್ಸೆಯೂ ನಿಜ, ತಣ್ಣಗಾದದ್ದೂ ನಿಜ. ದಿನಚರಿಗೆ ಬಂದದ್ದು ಮೊದಲನೆಯದು ಮಾತ್ರ.

ಗ್ರೀಸಿನ ವಿಷಯದಲ್ಲಂತೂ ಈ ಮರೆವು ಇನ್ನೂ ಅನುಕೂಲಕರವಾಗಿದೆ. 1940ರ ಅಕ್ಟೋಬರ್ 15ರಂದು ಮುಸೊಲಿನಿಯ ಕಚೇರಿಯಲ್ಲಿ ದಾಳಿಯ ನಿರ್ಣಾಯಕ ಸಭೆ ನಡೆಯಿತು. ಅದನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡವರಿದ್ದರು, ಆ ನಡವಳಿ ಉಳಿದಿದೆ. ಅದರಲ್ಲಿ ಚಾನೊ ಮೌನಪ್ರೇಕ್ಷಕನಲ್ಲ. ಗ್ರೀಸಿನಲ್ಲಿ ಇಂಗ್ಲಿಷರ ಪರವಾಗಿರುವುದು ಮೇಲಿನ ಸಣ್ಣ ಸಿರಿವಂತ ವರ್ಗ ಮಾತ್ರ, ಉಳಿದ ಜನರಿಗೆ ಎಲ್ಲದರ ಬಗ್ಗೆಯೂ, ನಮ್ಮ ದಾಳಿಯ ಬಗ್ಗೆಯೂ, ಉದಾಸೀನ ಎಂದು ಭರವಸೆ ಕೊಟ್ಟವನು ಅವನೇ. ಆ ಉದಾಸೀನ ಜನರು ಕೆಲವೇ ವಾರಗಳಲ್ಲಿ ಇಟಲಿಯ ಸೈನ್ಯವನ್ನು ಆಲ್ಬೇನಿಯಾದೊಳಕ್ಕೆ ಅಟ್ಟಿದರು. ಆಲ್ಬೇನಿಯಾವೋ, 1939ರ ಏಪ್ರಿಲ್‌ನಲ್ಲಿ ಚಾನೊ ಉತ್ಸಾಹದಿಂದ ಮುಂದೆ ನಿಂತು ನುಂಗಿಸಿದ ದೇಶ. ಅಲ್ಲಿನ ಒಂದು ಬಂದರಿಗೆ ಅವನ ಹೆಂಡತಿಯ ಹೆಸರನ್ನೇ ಇಟ್ಟಿದ್ದರು. ಸಾಲ್ಸ್‌ಬರ್ಗ್‌ನಲ್ಲಿ ಹಿಟ್ಲರನ ಯುದ್ಧದಾಹವನ್ನು ಕಂಡು ಹೇಸಿದವನಿಗೆ ತನ್ನ ದಾಹ ಕಾಣಲಿಲ್ಲ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪರರ ಎಲೆಯ ನೊಣ ತೋರಿಸಿದಂತಾಯಿತು. ದಿನಚರಿಯೊಂದನ್ನೇ ನಂಬಿದರೆ ಚಾನೊ ಶಾಂತಿಪ್ರಿಯ; ನಡವಳಿಯನ್ನು ಪಕ್ಕಕ್ಕಿಟ್ಟು ಓದಿದರೆ, ಇಟಲಿಗೆ ಸುಲಭವಾಗಿ ದಕ್ಕುವುದೆಂದು ಕಂಡ ಯುದ್ಧಗಳನ್ನು ಮಾತ್ರ ಪ್ರೀತಿಸಿದವನು.

ಇಲ್ಲೊಂದು ಮಾತು ನಡುವೆ ಬರಲಿ. ಇದೇ ಅವಿವೇಕದ ಸರಣಿಯಲ್ಲಿ ಉತ್ತರ ಆಫ್ರಿಕದಲ್ಲಿ 1940ರ ಡಿಸೆಂಬರ್‌ನಿಂದ ಮುಂದಿನ ಫೆಬ್ರವರಿಯೊಳಗೆ ಲಕ್ಷಕ್ಕೂ ಮಿಕ್ಕ ಇಟಲಿಯ ಸೈನಿಕರು ಬ್ರಿಟಿಷರಿಗೆ ಸೆರೆಸಿಕ್ಕರು. ಅವರಲ್ಲಿ ಅನೇಕರನ್ನು ಹಡಗು ಹತ್ತಿಸಿ ಭಾರತಕ್ಕೆ ತಂದರು. ಬೆಂಗಳೂರಿನ ಬಳಿಯೂ ಅವರ ಶಿಬಿರಗಳಿದ್ದವು. ರೋಮ್ ನಗರದ ಒಂದು ಕೋಣೆಯ ಮುನಿಸುಗಳಿಗೂ ನಮ್ಮ ಊರಿನ ನೆಲಕ್ಕೂ ಹೀಗೊಂದು ನಂಟು.

ಇನ್ನು ದಿನಚರಿಯೇ ಖೋಟಾ ಅಲ್ಲವೆಂದು ಹೇಗೆ ಹೇಳುವುದು? ಸಂಶಯಕ್ಕೆ ಕಾರಣವಿದೆ. 1957ರಲ್ಲಿ ಮುಸೊಲಿನಿಯ ದಿನಚರಿಯೆಂದು ಹೊರಬಂದದ್ದು ಇಟಲಿಯ ತಾಯಿ ಮಗಳು ಇಬ್ಬರ ಕೈಬರಹದ ಕೌಶಲವಾಗಿತ್ತು. 1983ರಲ್ಲಿ ಹಿಟ್ಲರನ ದಿನಚರಿಯೆಂದು ಜರ್ಮನ್ ಪತ್ರಿಕೆಯೊಂದು ಕೋಟಿಗಟ್ಟಲೆ ಸುರಿದು ಕೊಂಡದ್ದೂ ಖೋಟಾ. ಟ್ರೆವರ್ ರೋಪರ್‌ರಂಥ ಘನ ಇತಿಹಾಸಕಾರರೇ ಮೊದಲು ಮೋಸಹೋದರು. ಚಾನೊ ದಿನಚರಿಯ ಪಯಣ ಮಾತ್ರ ಹೆಜ್ಜೆಹೆಜ್ಜೆಗೂ ಗೊತ್ತಿದೆ. ಗಂಡನ ಪ್ರಾಣಕ್ಕೆ ಬದಲಾಗಿ ದಿನಚರಿಯನ್ನು ಕೊಡುವೆನೆಂದು ಎಡ್ಡಾ ಜರ್ಮನರೊಡನೆ ಚೌಕಾಸಿ ನಡೆಸಿದಳು. ಹಿಟ್ಲರನ ತಡೆಯಿಂದ ಅದು ಮುರಿದುಬಿತ್ತು. 1944ರ ಜನವರಿ 9ರಂದು ಆಕೆ 1939ರಿಂದ 43ರವರೆಗಿನ ಪುಸ್ತಕಗಳನ್ನು ಉಡುಪಿನೊಳಗೆ ಮೈಗೆ ಕಟ್ಟಿಕೊಂಡು ಸ್ವಿಟ್ಜರ್ಲೆಂಡಿನ ಗಡಿ ದಾಟಿದಳು. ಆಕೆಗೆ ನೆರವಾಗಿ ಆಮೇಲೆ ಜರ್ಮನರ ಕೈಯಲ್ಲಿ ಚಿತ್ರಹಿಂಸೆ ಉಂಡ ಯುವಕ ಎಮಿಲಿಯೊ ಪುಚ್ಚಿ. ಮುಂದೆ ಬಟ್ಟೆಯ ವಿನ್ಯಾಸಕ್ಕಾಗಿ ಜಗತ್ಪ್ರಸಿದ್ಧನಾದವನು ಇವನೇ. ಪುಸ್ತಕಗಳ ಛಾಯಾಚಿತ್ರಗಳನ್ನು ಅಮೆರಿಕದ ಗುಪ್ತಚರ ವಿಭಾಗದವರು ತೆಗೆಸಿಕೊಂಡರು. 1945ರಲ್ಲಿ ಷಿಕಾಗೊದ ಪತ್ರಿಕೆಯೊಂದು ಅವನ್ನು ಧಾರಾವಾಹಿಯಾಗಿ ಪ್ರಕಟಿಸಿತು, ಮರುವರ್ಷ ಪುಸ್ತಕವಾಯಿತು. ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅದು ಸಾಕ್ಷ್ಯವಾಗಿ ಬಂದಾಗ ಆರೋಪಿಗಳ ಕಟಕಟೆಯಲ್ಲಿ ರಿಬ್ಬೆನ್‌ಟ್ರಾಪ್ ಕುಳಿತಿದ್ದನು.

ಪಯಣಕ್ಕಿಂತ ದೊಡ್ಡ ಸಾಕ್ಷಿ ಒಳಗಿನ ವಿವರಗಳದು. ಒಂದನ್ನು ಹೇಳುತ್ತೇನೆ. 1939ರ ಆಗಸ್ಟ್ 26ರಂದು, ಯುದ್ಧಕ್ಕೆ ಬರಬೇಕಾದರೆ ಏನೇನು ಸಾಮಗ್ರಿ ಬೇಕೆಂದು ಹಿಟ್ಲರನು ಕೇಳಿದಾಗ, ಇಟಲಿಯವರು ಬೇಕೆಂದೇ ಪೂರೈಸಲಾಗದ ಪಟ್ಟಿಯೊಂದನ್ನು ತಯಾರಿಸಿದ ಕತೆ ದಿನಚರಿಯಲ್ಲಿದೆ. ಅದರ ಗಾತ್ರದ ಬಗ್ಗೆ ಚಾನೊ ಹಾಸ್ಯವನ್ನೂ ಮಾಡಿದ್ದಾನೆ. ಜರ್ಮನಿಯ ಕಡತಗಳು ಪ್ರಕಟವಾದಾಗ ಆ ಪಟ್ಟಿ ಸಿಕ್ಕಿತು: 60 ಲಕ್ಷ ಟನ್ ಕಲ್ಲಿದ್ದಲು, 70 ಲಕ್ಷ ಟನ್ ತೈಲ, 20 ಲಕ್ಷ ಟನ್ ಉಕ್ಕು, ಇನ್ನೂ ಏನೇನೋ. ದಿನಚರಿಯು ಅಚ್ಚಾದಾಗ ಆ ಕಡತಗಳು ಇನ್ನೂ ಹೊರಬಂದಿರಲಿಲ್ಲ. ಖೋಟಾ ಬರೆಯುವವನು ಇದನ್ನು ಎಲ್ಲಿಂದ ತಂದಾನು? 1941ರ ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಪುಟಗಳಿಲ್ಲದಿರುವುದೂ ಸಂಶಯಕ್ಕೆ ಎಡೆಯಲ್ಲ. ಆಗ ಮಂತ್ರಿಗಳನ್ನೆಲ್ಲ ರಣರಂಗಕ್ಕೆ ಕಳುಹಿಸುವ ಮುಸೊಲಿನಿಯ ಹುಚ್ಚಿನಂತೆ ಚಾನೊ ಬಾರಿ ನಗರದಲ್ಲಿ ವಿಮಾನದಳದೊಡನೆ ಇದ್ದನು.

ಖೋಟಾ ಅಲ್ಲ ನಿಜ. ಆದರೆ ಪೂರ್ತಿ 'ಖಾಸಗಿ'ಯೂ ಅಲ್ಲ. 1940ರಲ್ಲಿ ಅಮೆರಿಕದ ಅಧ್ಯಕ್ಷರ ದೂತನಾಗಿ ಬಂದ ಸಮ್ನರ್ ವೆಲ್ಸ್‌ಗೆ ಚಾನೊ ದಿನಚರಿಯ ಕೆಲವು ಭಾಗಗಳನ್ನು ತಾನೇ ತೋರಿಸಿದ್ದನು. ಮಾವನಿಗೂ ಈ ಪುಸ್ತಕದ ಸುಳಿವಿತ್ತು. ಹೀಗೆ ಎಂದಾದರೂ ಯಾರಾದರೂ ಓದುತ್ತಾರೆಂಬ ಎಚ್ಚರ ಬರೆಯುವ ಕೈಯಲ್ಲಿ ಇದ್ದೇ ಇತ್ತು. ಆದುದರಿಂದ ತನ್ನ ಬಗ್ಗೆ ಚಾನೊ ಹೇಳಿಕೊಂಡದ್ದಕ್ಕಿಂತ, ಕೇಳಿದ ಮಾತನ್ನು ಲೆಕ್ಕಾಚಾರವಿಲ್ಲದೆ ಗೀಚಿಕೊಂಡ ಕಡೆಗಳಲ್ಲಿ ದಿನಚರಿಯ ಬೆಲೆ ಹೆಚ್ಚು.

ಈಗ ನನ್ನ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಬೋಸರು 1941ರ ಆರಂಭದಲ್ಲಿ ಕಲ್ಕತ್ತೆಯಿಂದ ತಪ್ಪಿಸಿಕೊಂಡು ಕಾಬೂಲಿಗೆ ಬಂದು, ಅಲ್ಲಿನ ಇಟಲಿಯ ದೂತಾವಾಸದ ನೆರವಿನಿಂದ ಓರ್ಲಾಂಡೊ ಮಾಟ್ಸೊಟ್ಟಾ ಎಂಬ ಇಟಾಲಿಯನ್ ಹೆಸರಿನಲ್ಲಿ ಬರ್ಲಿನ್ ಸೇರಿದ ಕತೆ ನಿಮಗೆಲ್ಲ ಗೊತ್ತು. ಆ ವರ್ಷದ ಜೂನ್ 6ರಂದು ರೋಮ್ ನಗರದಲ್ಲಿ ಚಾನೊ ಅವರನ್ನು ಭೇಟಿಯಾದನು. ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸುವ ಘೋಷಣೆಯನ್ನು ಬೋಸರು ಬಯಸುತ್ತಾರೆ, ಬರ್ಲಿನ್ನಿನಲ್ಲಿ ಇದಕ್ಕೆ ಉತ್ಸಾಹವಿಲ್ಲ, ನಾವೂ ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳಬಾರದು, ಈ ಹುಡುಗನ ಯೋಗ್ಯತೆ ಎಷ್ಟೆಂದು ಗೊತ್ತಿಲ್ಲ — ಇದು ಆ ದಿನದ ಬರಹದ ಭಾವ. ಬೋಸರಿಗೆ ಆಗ 44 ವರ್ಷ, ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಎರಡು ಸಲ ಆಯ್ಕೆಯಾಗಿದ್ದವರು. ಅವರನ್ನು ಹುಡುಗನೆಂದವನಿಗೆ 38!

ಬೋಸರ ಯೋಗ್ಯತೆಯ ಅಳತೆಗೆ ಈ ಪುಟ ಆಧಾರವಲ್ಲ. ಆದರೆ ಹರಿದೆಸೆಯತಕ್ಕದ್ದೂ ಅಲ್ಲ. ಒಳಗೊಳಗೇ ಅಚ್ಚುಕೂಟದ ರಾಷ್ಟ್ರಗಳು ಭಾರತದ ಸ್ವಾತಂತ್ರ್ಯವನ್ನು ಎಷ್ಟರಮಟ್ಟಿಗೆ ಗಂಭೀರವಾಗಿ ತೆಗೆದುಕೊಂಡಿದ್ದವು ಎಂಬ ಪ್ರಶ್ನೆಗೆ, ಶಿಷ್ಟಾಚಾರದ ಮುಸುಕಿಲ್ಲದೆ ಸಿಗುವ ಉತ್ತರ ಇದು. ಬೋಸರ ಮುಂದೆ ಆಡಿದ ಮಾತು ಸೌಜನ್ಯದ್ದೇ ಇದ್ದಿರಬೇಕು. ಅಲ್ಲದೆ ಇದನ್ನು ಮುಂದಿನ ಘಟನೆಯೊಡನೆ ಹೋಲಿಸಿ ನೋಡಲೂ ಬರುತ್ತದೆ. 1942ರ ಮೇ 5ರಂದು ಬೋಸರು ಮುಸೊಲಿನಿಯನ್ನೇ ಕಂಡರು. ಅವರ ವಾದಕ್ಕೆ ಮುಸೊಲಿನಿ ಮಣಿದನು, ಘೋಷಣೆ ಹೊರಡಿಸೋಣವೆಂದು ಜರ್ಮನರಿಗೆ ತಂತಿ ಕಳುಹಿಸಿದನು, ಹಿಟ್ಲರನು ಇದಕ್ಕೆ ಒಪ್ಪಲಾರನೆಂದು ತನಗೆ ತೋರುತ್ತದೆ ಎಂದು ಚಾನೊ ಅಂದೇ ಬರೆದಿಟ್ಟನು. ಒಂದು ವರ್ಷದ ಹಿಂದೆ ಬೆಲೆ ಗೊತ್ತಿಲ್ಲವೆಂದಿದ್ದ ಆ 'ಹುಡುಗ' ಸರ್ವಾಧಿಕಾರಿಯನ್ನೇ ಒಲಿಸಿಕೊಂಡ ಸಂಗತಿಯೂ ಅದೇ ಲೇಖನಿಯಿಂದ ಬಂದಿತು ನೋಡಿ. ಚಾನೊನ ಊಹೆ ಸರಿಯಾಯಿತು. ಆ ತಿಂಗಳ ಕೊನೆಯಲ್ಲಿ ಹಿಟ್ಲರನೇ ಬೋಸರನ್ನು ಬರಮಾಡಿಕೊಂಡರೂ ಘೋಷಣೆ ಹೊರಡಲಿಲ್ಲ.

1943ರ ಫೆಬ್ರವರಿ 5ರಂದು ಮುಸೊಲಿನಿ ಅಳಿಯನನ್ನು ಮಂತ್ರಿಪದವಿಯಿಂದ ತೆಗೆದನು. 8ರಂದು ಕಚೇರಿಯನ್ನು ಒಪ್ಪಿಸಿ ಬೀಳ್ಕೊಳ್ಳಲು ಹೋದಾಗ, ನಿನ್ನ ಕಾಗದಪತ್ರಗಳೆಲ್ಲ ಸರಿಯಾಗಿವೆಯೇ ಎಂದು ಮಾವನು ವಿಚಾರಿಸಿದನು. ಸರಿಯಾಗಿವೆ, ಜರ್ಮನರು ನಮಗೆ ಮಾಡಿದ ಮೋಸವನ್ನೆಲ್ಲ ದಾಖಲೆಯೊಡನೆ ತೋರಿಸಬಲ್ಲೆನೆಂದು ಅಳಿಯನು ಉತ್ತರಿಸಿದನು. ಸೆರೆಮನೆಯ ಆ ಕಡೆಯ ಟಿಪ್ಪಣಿಯನ್ನು ಬಿಟ್ಟರೆ ದಿನಚರಿ ಅಲ್ಲಿಗೆ ನಿಲ್ಲುತ್ತದೆ. ಅದೇ ವಾರ ಬೋಸರು ಜರ್ಮನಿಯ ಕೀಲ್ ಬಂದರಿನಲ್ಲಿ ಜಲಾಂತರ್ಗಾಮಿ ನೌಕೆಯನ್ನು ಹತ್ತಿ ಪೂರ್ವಕ್ಕೆ ಹೊರಟರು.